ಹಾಲು ತೊಂಡೆ ಬಂದ ಬೆಳೆ

ಅವನು ನಮ್ಮ ಹುಳುಮನೆಯ ಬಾಗಿಲಿಗೆ ಮೊದಲ ಸಲ ಬಂದದ್ದು 2004ರ ಜನವರಿಯ ಒಂದು ಮಂಗಳವಾರ. ನಾನು ಒಳಗೆ ಬಿಡಲಿಲ್ಲ.

"ಚಪ್ಪಲಿ ಅಲ್ಲೇ ಬಿಡಿ. ಬಕೆಟ್‌ನಲ್ಲಿ ಬ್ಲೀಚಿಂಗ್ ಪೌಡರ್ ನೀರಿದೆ. ಮೊಣಕೈವರೆಗೂ ತೊಳ್ಕೊಳ್ಳಿ," ಎಂದೆ.

"ನಾನು ಮೈಸೂರಿಂದ ಬಂದಿದೀನಿ ರೀ. ರೇಷ್ಮೆ ಹುಳದ ಮೇಲೇ ರಿಸರ್ಚ್ ಮಾಡ್ತಿರೋನು."

"ಹುಳಕ್ಕೆ ಅದು ಗೊತ್ತಿಲ್ವಲ್ಲ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಕನ್ನಡಕದ ಹಿಂದೆ ದೊಡ್ಡ ಕಣ್ಣು, ನನಗೆ ಇರಬೇಕಾಗಿದ್ದಷ್ಟು ಉದ್ದದ ರೆಪ್ಪೆ. ದೇವರು ಇಂಥದ್ದನ್ನೆಲ್ಲ ಗಂಡಸರಿಗೆ ಕೊಟ್ಟು ಯಾಕೆ ದಂಡ ಮಾಡುತ್ತಾನೋ ಎಂದು ನನಗೆ ಆಗಲೇ ಸಿಟ್ಟು ಬಂತು. ಆಮೇಲೆ ಅವನು ಅಂಗಿಯ ತೋಳು ಮಡಚಿ, ಬಗ್ಗಿ, ಎರಡೂ ಕೈ ನೀರಿಗೆ ಅದ್ದಿದ.

"ಈಗ ಬರ್ಬೋದಾ ಮೇಡಮ್?"

"ಮೇಡಮ್ ಅಲ್ಲ, ಸರ್ವಮಂಗಳಾ."

"ಅಷ್ಟುದ್ದ ಕರೆಯೋ ಹೊತ್ತಿಗೆ ಹುಳ ಗೂಡು ಕಟ್ಟಿರುತ್ತೆ."

ನಗಬಾರದು ಅಂದುಕೊಂಡೆ. ನಕ್ಕುಬಿಟ್ಟೆ. ಅವನ ಹೆಸರು ಅಮೃತೇಶ್. ನಂಜನಗೂಡಿನವನೇ, ಅವರಪ್ಪನದು ಪೇಟೆಯಲ್ಲಿ ಪಾತ್ರೆ ಅಂಗಡಿ. ಎದುರಿಗೆ ನಾನು 'ನೀವು' ಎಂದೇ ಕರೆಯುತ್ತಿದ್ದೆ, ಮನಸ್ಸಿನೊಳಗೆ ಮೊದಲ ದಿನವೇ ಏಕವಚನಕ್ಕೆ ಇಳಿದಿದ್ದೆ. ಇಲ್ಲೂ ಹಾಗೇ ಇರಲಿ.

ನಮ್ಮೂರು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿದೆ. ಮನೆ ಹಿಂದಿನ ಹುಳುಮನೆಯನ್ನು ಕಟ್ಟಿಸಿದವರು ನಮ್ಮಪ್ಪ ಮಾದಯ್ಯ, ನಡೆಸುತ್ತಿದ್ದವಳು ನಾನು. ಬಿ.ಎಸ್‌ಸಿ. ಮುಗಿಸಿ ಬಂದಾಗ "ಗಂಡು ಗೊತ್ತಾಗೋಗಂಟ ಸುಮ್ಕೆ ಕೂತ್ಕೊಂಡು ಏನ್ ಮಾಡಿಯವ್ವ" ಎಂದು ಅಪ್ಪ ಬೀಗದ ಕೈ ಕೊಟ್ಟಿದ್ದರು. ಎರಡು ವರ್ಷದಲ್ಲಿ ಒಂಬತ್ತು ಬೆಳೆ ತೆಗೆದಿದ್ದೆ, ಒಂದೂ ಕೆಟ್ಟಿರಲಿಲ್ಲ. ಊರವರು ಗೂಡು ನೋಡಿ "ಮಾದಯ್ಯನ ಉಳ ಅಂದ್ರೆ ಉಳ ಕಣ್ಲಾ" ಎನ್ನುತ್ತಿದ್ದರು. ಸೊಪ್ಪು ಕೊಯ್ದು, ಹೆಚ್ಚಿ, ಹಾಕಿ, ಹಿಕ್ಕೆ ಬಳಿದವಳು ನಾನು, ಹೆಸರು ಅಪ್ಪನದು. ಹೊಟ್ಟೆ ಉರಿಯುತ್ತಿತ್ತು. ಆದರೂ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ನನ್ನದು ಎಂಬ ಸಮಾಧಾನವಿತ್ತು.

ಅಮೃತೇಶ್ ಪ್ರತಿ ಮಂಗಳವಾರ ಹತ್ತೂಕಾಲರ ಬಸ್ಸಿಗೆ ಬರುತ್ತಿದ್ದ. ಮೊದಲು ನಮ್ಮ ಮನೆಗೆ ಬಂದು ಗಟ್ಟಿಮುಟ್ಟಾದ ಹುಳ ನಾಲ್ಕು ತೆಗೆದುಕೊಂಡು, ಆಮೇಲೆ ಎಲ್ಲಿ ಕಾಯಿಲೆ ಬಿದ್ದಿದೆಯೋ ಆ ಮನೆಗಳಿಗೆ ಹೋಗುತ್ತಿದ್ದ. ಮೊದಲು ಆರೋಗ್ಯದ ಮನೆ, ಆಮೇಲೆ ಕಾಯಿಲೆ ಮನೆ. ಅದು ಅವನ ನಿಯಮ.

ಮಂಗಳವಾರ ನಾನು ತಲೆಗೆ ಎಣ್ಣೆ ಹಾಕುವುದನ್ನು ಬಿಟ್ಟೆ. ಹಳದಿ ಚೂಡಿದಾರ ಮಂಗಳವಾರಕ್ಕೇ ಒಗೆದು ಒಣಗುತ್ತಿತ್ತು. ಅವ್ವ ನೋಡಿಯೂ ನೋಡದ ಹಾಗೆ ಇದ್ದಳು.

ಫೆಬ್ರವರಿಯಲ್ಲಿ ಒಂದು ದಿನ ಅವನು ಹುಳುಮನೆಯ ಜಗಲಿ ಮೇಲೆ ಚಿಕ್ಕ ಮೈಕ್ರೋಸ್ಕೋಪ್ ಇಟ್ಟು, ಹುಳದ ಕಾಲಿನ ತುದಿ ಚೂರು ಕತ್ತರಿಸಿ, ಹಳದಿ ರಕ್ತದ ಒಂದು ಹನಿ ಗಾಜಿನ ಮೇಲೆ ಬಿಟ್ಟು ನನ್ನನ್ನು ಕರೆದ. ನಾನು ಕಣ್ಣಿಟ್ಟೆ. ಅವನು ಪಕ್ಕದಲ್ಲೇ ಬಗ್ಗಿದ್ದ. ಅವನ ಅಂಗಿಯಿಂದ ಬರುತ್ತಿದ್ದ ಸೋಪಿನ ವಾಸನೆಯಲ್ಲಿ ನನಗೆ ಮೊದಲ ಒಂದು ನಿಮಿಷ ಏನೂ ಕಾಣಲಿಲ್ಲ.

"ದುಂಡಗೆ ಕಾಣ್ತಿದೆಯಾ? ಅದು ಜೀವಕೋಶ," ಎಂದ. "ನಮಗೆ ಒಂದು ಸಲ ಅಮ್ಮ, ಅದೇ ಚಿಕನ್‌ಪಾಕ್ಸ್, ಎದ್ದರೆ ಮೈ ಅದನ್ನ ನೆನಪಿಟ್ಕೊಳ್ಳುತ್ತೆ, ಇನ್ನೊಂದು ಸಲ ಸಾಮಾನ್ಯವಾಗಿ ಬರಲ್ಲ. ಹುಳಕ್ಕೆ ಅಂಥ ನೆನಪಿಲ್ಲ. ಹುಟ್ಟುತ್ತಾ ಬಂದ ಕಾವಲು ಅಷ್ಟೇ. ವೈರಸ್ ಒಳಗೆ ಬಂದ್ರೆ ಒಂದೊಂದು ಜೀವಕೋಶಾನೂ ತಾನೇ ಗುರುತು ಹಿಡೀಬೇಕು, ತಾನೇ ಕೂಗಬೇಕು."

"ಕೂಗಿದ್ರೆ?"

"ಪಕ್ಕದ ಜೀವಕೋಶಗಳು ಎಚ್ಚರ ಆಗ್ತವೆ. ಜಗಳ ಶುರು."

"ಮತ್ತೆ ಹುಳ ಯಾಕೆ ಸಾಯುತ್ತೆ?"

ಅವನು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. ಖುಷಿಯಾದಾಗ ಅವನು ಹಾಗೆ ಮಾಡುತ್ತಿದ್ದ. "ಅದೇ ನನ್ನ ಥೀಸಿಸ್ ರೀ. ಕೂಗೋಕೆ ಎಷ್ಟು ಏರ್ಪಾಡಿದೆಯೋ ನಿಲ್ಲಿಸೋಕೂ ಅಷ್ಟೇ ಏರ್ಪಾಡು ಅದೇ ಜೀವಕೋಶದೊಳಗಿದೆ. ನಿಲ್ಲಿಸದೇ ಹೋದ್ರೆ ಹುಳ ಬೆಳೆಯೋದೇ ಇಲ್ಲ, ಮೈಯಲ್ಲಿರೋ ಶಕ್ತಿಯೆಲ್ಲ ಜಗಳಕ್ಕೇ ಹೋಗುತ್ತೆ. ಬೇಗ ನಿಲ್ಲಿಸಿದ್ರೆ ವೈರಸ್ ಗೆಲ್ಲುತ್ತೆ. ಈ ವೈರಸ್ ಇದೆಯಲ್ಲ, ಅದೂ ಕಳ್ಳ. ಒಳಗೆ ಬಂದು ಮೊದಲು ಆ ಬ್ರೇಕ್ ಹುಡುಕುತ್ತೆ. ತಾನೇ ಒತ್ತಿಬಿಡುತ್ತೆ."

"ಬಾಯಿ ಮುಚ್ಚಿಸಿ ಮನೆ ಲೂಟಿ ಮಾಡೋದು."

"ಹಾಂ! ಅದೇ. ನಮ್ಮ ಗೈಡ್‌ಗೆ ಇಷ್ಟು ಚೆನ್ನಾಗಿ ಹೇಳೋಕೆ ಬರಲ್ಲ." ಅವನು ನನ್ನ ಕಡೆ ತಿರುಗಿದ. "ನಿಮ್ಮ ಕೋಪಕ್ಕೆ ಮಾತ್ರ ಬ್ರೇಕೇ ಇಟ್ಟಿಲ್ಲ ದೇವರು."

"ಇಟ್ಟಿದ್ದಾನೆ. ಇಲ್ಲದಿದ್ರೆ ನಿಮ್ಮನ್ನ ಇಷ್ಟು ಹೊತ್ತು ಇಲ್ಲಿ ಕೂರೋಕೆ ಬಿಡ್ತಿರ್ಲಿಲ್ಲ."

ಅವನು ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣಗೆ ಗುಳಿ ಬೀಳುತ್ತಿತ್ತು. ಅದನ್ನು ನೋಡಿಕೊಂಡು ಕೂತಿದ್ದಕ್ಕೆ ಹುಳಕ್ಕೆ ಸೊಪ್ಪು ಹಾಕುವುದು ಹತ್ತು ನಿಮಿಷ ತಡವಾಯಿತು. ಒಂಬತ್ತು ಬೆಳೆಯಲ್ಲಿ ಅದೇ ಮೊದಲು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಹೇಳುವಾಗ ಈಗಲೂ ಮೈ ಉರಿಯುತ್ತದೆ. ನಾವು ಲಿಂಗ ಕಟ್ಟಿಕೊಂಡವರು, ನಮಗೆ ಸೂತಕವಿಲ್ಲ. ಮುಟ್ಟಾದರೂ ನಾನು ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತೇನೆ, ಅಡುಗೆ ಮಾಡುತ್ತೇನೆ, ಮಠದ ಸ್ವಾಮಿಗಳು ಮನೆಗೆ ಬಂದರೆ ಪಾದಪೂಜೆಗೆ ನೀರು ತಂದಿಡುತ್ತೇನೆ. ಶಿವನಿಗಿಲ್ಲದ ಮೈಲಿಗೆ ನಮ್ಮೂರಲ್ಲಿ ಹುಳಕ್ಕೆ ಮಾತ್ರ ಇತ್ತು! ತಿಂಗಳಿಗೆ ಮೂರು ದಿನ ನಾನು ಹುಳುಮನೆ ಹೊಸ್ತಿಲು ದಾಟುವಂತಿರಲಿಲ್ಲ. ಬೀಗದ ಕೈ ಅಣ್ಣ ರುದ್ರೇಶನ ಜೇಬಿಗೆ ಹೋಗುತ್ತಿತ್ತು. ಅಜ್ಜಿ ಹಾಗೇ ಮಾಡಿದ್ದಳು, ಅವ್ವ ಹಾಗೇ ಮಾಡಿದ್ದಳು, ಎರಡು ವರ್ಷ ನಾನೂ ತೆಪ್ಪಗೆ ಹಾಗೇ ಮಾಡಿದ್ದೆ. ಓದಿದವಳು, ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಹತ್ತನೇ ಬೆಳೆ ಮಾರ್ಚ್ ತಿಂಗಳದು. ಹುಳ ಮೂರನೇ ಜ್ವರ ಮುಗಿಸಿತ್ತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡಲು ಒಂದು ದಿನ ತಿನ್ನದೆ ತಲೆ ಎತ್ತಿ ಮಲಗುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಎದ್ದ ಹುಳಕ್ಕೆ ಹೊಸ ಸೊಪ್ಪು ಹಾಕಬೇಕಾದ ಮಂಗಳವಾರವೇ ನಾನು ಹೊರಗಾದೆ. ಬೀಗದ ಕೈ ಅಣ್ಣನಿಗೆ ಕೊಟ್ಟು, ಅಡುಗೆ ಮನೆಯಲ್ಲಿ ಕೂತು ಅವರೆಕಾಳು ಹಿಚುಕುತ್ತಿದ್ದೆ.

ಕಿಟಕಿಯಿಂದ ಅವನು ಬರುವುದು ಕಂಡಿತು. ಹುಳುಮನೆ ಬಾಗಿಲಲ್ಲಿ ನಿಂತು ಅತ್ತ ಇತ್ತ ನೋಡಿದ. ಅಣ್ಣ ಏನೋ ಅಂದ. ಅಮೃತೇಶ್‌ನ ಮುಖ ಕೆಂಪಗಾದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಅವನು ಗಡಬಡಿಸಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟ. ನನಗೂ ನಾಚಿಕೆಯಾಗಿ ಕಿಟಕಿ ಬಿಟ್ಟು ಸರಿದೆ.

ಮಧ್ಯಾಹ್ನ ಬಿಸಿಲು ಏರಿದಾಗ ಹುಳುಮನೆ ಕಿಟಕಿಗೆ ಕಟ್ಟಿದ್ದ ಒದ್ದೆ ಗೋಣಿ ತಾಟು ಕಳಚಿ ಬಿದ್ದಿತ್ತು. ಅಣ್ಣ ಎಲ್ಲೋ ಹೋಗಿದ್ದ. ನಾನು ಹೊರಗಿನಿಂದಲೇ ಅದನ್ನು ಎತ್ತಿ ಸಿಕ್ಕಿಸಿದೆ. ಒಳಗೆ ಕಾಲಿಡಲಿಲ್ಲ.

ಮುಂದಿನ ಸೋಮವಾರ ಬೆಳಗ್ಗೆ ಎಡಗಡೆ ಸಾಲಿನ ತಟ್ಟೆಗಳಲ್ಲಿ ಹುಳ ಸೊಪ್ಪು ಬಿಟ್ಟು ಅಂಚಿನ ಮೇಲೆ ಹರಿದಾಡುತ್ತಿದ್ದವು. ಮೈ ಗಿಣ್ಣು ಗಿಣ್ಣಾಗಿ ಊದಿತ್ತು. ಬೆರಳು ತಾಗಿದರೆ ಚರ್ಮ ಹರಿದು ಹಾಲಿನಂಥ ನೀರು ಸೋರುತ್ತಿತ್ತು. ಹಾಲು ತೊಂಡೆ. ಸಂಜೆಯೊಳಗೆ ಎಡಗಡೆ ಸಾಲು ಪೂರ್ತಿ ಹೋಯಿತು. ಗುಂಡಿ ತೋಡಿ, ಸುಣ್ಣ ಹಾಕಿ, ಬುಟ್ಟಿ ಬುಟ್ಟಿ ಹುಳ ಸುರಿದೆ. ಇಪ್ಪತ್ತು ದಿನ ಮಕ್ಕಳ ಹಾಗೆ ಸಾಕಿದ್ದವು. ಗುಂಡಿಯ ಪಕ್ಕದಲ್ಲೇ ಕುಕ್ಕರಿಸಿ ಅತ್ತೆ.

ಮಂಗಳವಾರ ಬೆಳಗ್ಗೆ ಪಕ್ಕದ ಮನೆ ಪುಟ್ಟಬಸವಯ್ಯ ದೊಡ್ಡಪ್ಪ ನಮ್ಮ ಜಗಲಿ ಮೇಲೆ ಬಂದು ಕೂತರು. ಅಪ್ಪನಿಗೆ ದಾಯಾದಿ, ವಯಸ್ಸಿನಲ್ಲಿ ಹಿರಿಯರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಶುರು ಮಾಡಿದರು.

"ಬ್ಯಾರೆ ಏನೂ ಅಲ್ಲ ಕಣ್ಲಾ ಮಾದಯ್ಯ. ಓದ್ ಮಂಗಳವಾರ ನಿನ್ ಮಗಳು ಉಳದ ಮನೆ ಕಿಟಕಿ ತಾವು ನಿಂತಿದ್ಲು. ನಾನೇ ಕಂಡಿವ್ನಿ."

"ಗೋಣಿ ತಾಟು ಸಿಕ್ಕಿಸಿದೆ ದೊಡ್ಡಪ್ಪ! ಹೊರಗಿನಿಂದ!" ಎಂದು ಕೂಗಿದೆ.

"ಅದ್ಕೇ ಮತ್ತೆ. ನೆಳ್ಳು ಬಿದ್ರೂ ಸಾಕು."

ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. "ಅಂಗಾರೆ ಯಾಕ್ ಬಂತವ್ವ? ನೀನೇ ಏಳು," ಎಂದು ಮೆತ್ತಗೆ ಕೇಳಿದರು.

ಅಷ್ಟರಲ್ಲಿ ಹತ್ತೂಕಾಲರ ಬಸ್ಸು ಬಂದಿತ್ತು. ಅಮೃತೇಶ್ ಅಂಗಳದಲ್ಲಿ ನಿಂತಿದ್ದ. ನನಗೆ ಜೀವ ಬಂದಂತಾಯಿತು.

"ಎಡಗಡೆ ಸಾಲು ಪೂರ್ತಿ ಓಯ್ತು. ನೀವೇ ಏಳಿ ಸಾ," ಎಂದರು ಅಪ್ಪ. "ಓದಿದವ್ರು. ಉಡುಗಿ ಕಿಟಕಿ ತಾವು ನಿಂತಿದ್ದಕ್ಕೆ ಬತ್ತದಾ ಇದು?"

ಇಲ್ಲ ಎಂದು ಹೇಳಲು ಎರಡು ಅಕ್ಷರ ಸಾಕು. ಅವನು ದೊಡ್ಡಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ನೆಲ ನೋಡಿದ. "ಬಿಸಿಲು ಜಾಸ್ತಿ ಇತ್ತು ಈ ಸಲ. ಟೆಂಪರೇಚರ್ ಏರಿದ್ರೆ ಹುಳದ ಶಕ್ತಿ ಕುಗ್ಗುತ್ತೆ... ಹಲವಾರು ಕಾರಣ ಇರ್ಬೋದು," ಎಂದ.

"ಕಂಡ್ಯಾ! ಅಲವಾರು ಕಾರಣ ಅಂದ್ರೆ ಅದೂ ಒಂದು ಕಾರಣನೇಯ," ಎಂದರು ದೊಡ್ಡಪ್ಪ.

ಅವನು ಕೈಗಡಿಯಾರ ನೋಡಿಕೊಂಡ.

ಅಪ್ಪ ಕೈ ಚಾಚಿದರು. ನಾನು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟೆ. ಅವರು ಅದನ್ನು ಅಣ್ಣನ ಕೈಗೆ ಹಾಕಿದರು. "ಇನ್ಮ್ಯಾಕೆ ಇವನೇ ನೋಡ್ಕೊಳ್ಲಿ. ನೀನು ಆ ಕಡೆ ಓಗಬ್ಯಾಡ ಕಣವ್ವ," ಎಂದರು. ಮೂರು ದಿನವಲ್ಲ, ಇನ್ನು ಯಾವತ್ತೂ ಇಲ್ಲ. ಒಂಬತ್ತು ಬೆಳೆ ಗೆದ್ದಾಗ ಹುಳ ಮಾದಯ್ಯನದು, ಒಂದು ಬೆಳೆ ಸೋತಾಗ ಮೈಲಿಗೆ ಸರ್ವಮಂಗಳಳದು!

ಅವನು ಜಾರಿಕೊಳ್ಳುವವನ ಹಾಗೆ ಬಸ್‌ಸ್ಟಾಪಿನ ಕಡೆ ನಡೆದ. ನಾನು ಬಿಡಲಿಲ್ಲ. ಹಿಪ್ಪುನೇರಳೆ ತೋಟದ ನಡುವಿನ ಕಾಲುದಾರಿಯಲ್ಲಿ ಅಡ್ಡ ನಿಂತೆ.

"ಇಲ್ಲ ಅಂತ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

"ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಮಂಗಳಾ..."

"ಸಮಾಧಾನ! ವೈರಸ್ ಮೊದಲು ಬ್ರೇಕ್ ಹುಡುಕಿ ಒತ್ತುತ್ತೆ ಅಂದ್ರಲ್ಲ, ಈಗ ನೀವು ಮಾಡ್ತಿರೋದು ಅದೇ. ನಂಗೆ ಸಮಾಧಾನ ಬೇಡ. ಕಾರಣ ಬೇಕು. ಹಾಲು ತೊಂಡೆ ವೈರಸ್ ಒಳಗೆ ಹೋಗಿ ಎಷ್ಟು ದಿನಕ್ಕೆ ಹುಳ ಊದುತ್ತೆ?"

"ಆರು... ಏಳು ದಿನ."

"ಸೋಮವಾರಕ್ಕೆ ಆರು ದಿನ ಹಿಂದೆ ಅಂದ್ರೆ ಮಂಗಳವಾರ. ಆವತ್ತು ನಾನು ಒಳಗೆ ಹೋಗಿಲ್ಲ. ಅಣ್ಣ ಬಲಗಡೆ ಸಾಲಿಗೆ ಸೊಪ್ಪು ಹಾಕ್ದ, ಅಲ್ಲಿ ಕಾಯಿಲೆ ಇಲ್ಲ. ಎಡಗಡೆಗೆ ಹಾಕಿದ್ದು..."

ಮಾತು ಅಲ್ಲೇ ನಿಂತುಹೋಯಿತು. ಅವನ ಮುಖ ಸುಣ್ಣವಾಗಿತ್ತು. ನಾನು ಹೇಳುವ ಮೊದಲೇ ಅವನಿಗೆ ಗೊತ್ತಿತ್ತು. ಅಂಗಳಕ್ಕೆ ಕಾಲಿಟ್ಟು, ಎಡಗಡೆ ಸಾಲು ಹೋಯಿತೆಂದು ಕೇಳಿದಾಗಲೇ ಗೊತ್ತಾಗಿತ್ತು.

"ಕೈ ತೊಳೆದಿದ್ರಾ?" ಎಂದೆ.

ಅವನು ತಲೆ ಎತ್ತಲಿಲ್ಲ.

"ಬಸ್ಸಿಳಿದ ತಕ್ಷಣ ನಿಮ್ಮ ದೊಡ್ಡಪ್ಪ ಹಿಡ್ಕೊಂಡ್ರು. ಅವರ ಮನೆ ಹುಳಕ್ಕೆ ಹಾಲು ತೊಂಡೆ ಬಂದಿತ್ತು. ನೋಡಿ ಸಾ, ಯಾರಿಗೂ ಹೇಳ್ಬೇಡಿ, ಊರವರು ನಮ್ಮ ಸೊಸೆ ಮೇಲೆ ಹಾಕ್ತಾರೆ ಅಂದ್ರು. ಮಾತು ಕೊಟ್ಟೆ. ಆ ಹುಳ ಮುಟ್ಟಿದ ಕೈಯಲ್ಲೇ ನಿಮ್ಮನೆಗೆ ಬಂದೆ. ತೊಳೀಬೇಕು ಅಂತಲೇ ಇದ್ದೆ. ಬಾಗಿಲಲ್ಲಿ ನೀವಿರ್ಲಿಲ್ಲ. ರುದ್ರೇಶ್, ಅವಳು ಇವತ್ತು ಬರಂಗಿಲ್ಲ ಅಂದ. ಯಾಕೆ ಅಂತ ನಾನು ಬೇರೆ ಕೇಳ್ಬಿಟ್ಟೆ. ಅವನು ಹೇಳ್ದ. ನಂಗೆ ನಾಚಿಕೆ ಆಯ್ತು. ಕೈ ಕಾಲು ಆಡದೆ ಬುಟ್ಟಿ ಎತ್ತಿಕೊಂಡೆ."

"ನಾಚಿಕೆ! ಹುಳದ ಹೊಟ್ಟೆ ಬಗೆದು ನೋಡೋರಿಗೆ ನಾಚಿಕೆ!"

"ಹೌದು."

"ನಾನು ಬಾಗಿಲಲ್ಲಿ ಇದ್ದಿದ್ರೆ?"

"ತೊಳೆಯದೆ ಒಳಗೆ ಬಿಡ್ತಾನೇ ಇರ್ಲಿಲ್ಲ."

ನಾನು ಹತ್ತಿರ ಹೋದದ್ದಕ್ಕೆ ಬೆಳೆ ಹೋಯಿತೆಂದು ಊರು ಹೇಳುತ್ತಿತ್ತು. ಬೆಳೆ ಹೋದದ್ದು ನನ್ನನ್ನು ಹೊರಗೆ ಕೂರಿಸಿದ್ದಕ್ಕೆ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ.

"ಇದನ್ನ ಹೇಳಿದ್ರೆ ಇನ್ನು ಯಾರೂ ನನ್ನನ್ನ ಹುಳುಮನೆಗೆ ಸೇರಿಸಲ್ಲ," ಎಂದ ಅವನು. "ಎರಡು ವರ್ಷದ ಕೆಲಸ. ಆ ಮನೆ ಸೊಸೆ ಬೇರೆ..."

"ಅವಳ ಹೆಸರು ಉಳಿಸೋಕೆ ನನ್ನದು ಹಾಳಾಗ್ಲಿ, ಅಲ್ವಾ? ಮಂಗಳವಾರ ಮಂಗಳವಾರ ನೀವು ಬರ್ತೀರಿ ಅಂತ ನಾನು ಏನೇನೋ ಅಂದ್ಕೊಂಡಿದ್ದೆ. ಥೂ, ನನ್ನ ಬುದ್ಧಿಗೆ! ಇನ್ನು ಮೇಲೆ ಬರ್ಬೇಡಿ."

ಅಷ್ಟು ಹೇಳಿ ಬಂದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಆ ರೆಪ್ಪೆಗಳು ಒದ್ದೆಯಾಗಿರುವುದು ಕಾಣುತ್ತಿತ್ತು, ಕೋಪ ಕರಗಿಹೋಗುತ್ತಿತ್ತು. ಕೋಪ ಬಿಟ್ಟರೆ ಆವತ್ತು ನನ್ನ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಮಾರನೆಯ ದಿನ ಬುಧವಾರ. ಹತ್ತೂಕಾಲರ ಬಸ್ಸಿನಿಂದ ಅವನು ಇಳಿದ. ನೇರ ನಮ್ಮ ಜಗಲಿಗೆ ಬಂದ. ಅಪ್ಪ, ಅಣ್ಣ, ದೊಡ್ಡಪ್ಪ, ಇನ್ನಿಬ್ಬರು ನೆರೆಯವರು ಕೂತಿದ್ದರು. ಕೂರಿ ಸಾ ಎಂದರೂ ಕೂರಲಿಲ್ಲ.

"ಮಾದಯ್ಯನವರೇ, ನಿಮ್ಮ ಬೆಳೆ ಕೆಡಿಸಿದ್ದು ನಾನು," ಎಂದ. "ಮಂಗಳಾ ಅಲ್ಲ. ಹೋದ ಮಂಗಳವಾರ ಕಾಯಿಲೆ ಹುಳ ಮುಟ್ಟಿ, ಕೈ ತೊಳೀದೆ ನಿಮ್ಮ ಎಡಗಡೆ ಸಾಲಿಗೆ ಸೊಪ್ಪು ಹಾಕಿದೆ. ಪ್ರತಿ ಸಲ ತೊಳೆಸ್ತಿದ್ದೋರು ನಿಮ್ಮ ಮಗಳು. ಆವತ್ತು ನೀವು ಅವರನ್ನ ಬಾಗಿಲಿಗೆ ಬಿಟ್ಟಿರ್ಲಿಲ್ಲ. ಮುಟ್ಟಿಗೂ ವೈರಸ್‌ಗೂ ಸಂಬಂಧ ಇಲ್ಲ. ನಿನ್ನೆ ಇದನ್ನೇ ಹೇಳ್ಬೇಕಿತ್ತು, ಹೆದರಿಕೊಂಡೆ."

"ಎಲ್ಲಿ ಮುಟ್ಟಿದ್ರಿ ಸಾ ಕಾಯಿಲೆ ಉಳವ?" ಎಂದರು ಅಪ್ಪ.

"ಒಂದು ಮನೇಲಿ. ಮನೆ ಹೆಸರು ಹೇಳಲ್ಲ ಅಂತ..."

"ಏನ್ ಸಾ ನೀವು! ಏಳಾಕಿಲ್ಲ ಅಂತ ಮಾತು ಕೊಟ್ಟು!" ಎಂದು ದೊಡ್ಡಪ್ಪ ಎದ್ದು ನಿಂತೇಬಿಟ್ಟರು.

ಎಲ್ಲರೂ ಅವರ ಮುಖವನ್ನೇ ನೋಡಿದರು. ಅವರು ಬಾಯಿಯಲ್ಲಿದ್ದ ಎಲೆ ಅಡಿಕೆ ನುಂಗಿಕೊಂಡರು.

"ನಿಮ್ಮ ಸೊಸೆದೂ ತಪ್ಪಿಲ್ಲ ಯಜಮಾನ್ರೇ," ಎಂದ ಅಮೃತೇಶ್. "ತಟ್ಟೆಗಳನ್ನ ಸರಿಯಾಗಿ ತೊಳೆದಿರ್ಲಿಲ್ಲ, ಅಷ್ಟೇ."

ದೊಡ್ಡಪ್ಪ ಟವೆಲ್ ಕೊಡವಿ, ಯಾರನ್ನೋ ಬೈದುಕೊಂಡು ಹೊರಟರು. ನಾನು ಬಾಗಿಲ ಮರೆಯಿಂದ ಹೊರಗೆ ಬಂದೆ. ಅಪ್ಪ ಅಣ್ಣನಿಂದ ಬೀಗದ ಕೈ ಇಸಕೊಂಡು ನನ್ನ ಕಡೆ ಚಾಚಿದರು. "ತಕ್ಕವ್ವ. ಎಂದಿನಂಗೇ ಮಾಡ್ಕೊಂಡೋಗು," ಎಂದರು.

"ಎಂದಿನಂಗೆ ಬೇಡಪ್ಪ," ಎಂದೆ. "ಮೂರು ದಿನ ವಾಪಸ್ ಕೊಡೋ ಬೀಗದ ಕೈ ನಂಗೆ ಬೇಡ. ತಿಂಗಳ ಪೂರ್ತಿ ಕೊಡೋದಾದ್ರೆ ಕೊಡಿ."

"ಅದೆಂಗಾದದವ್ವ? ಇರೀಕರಿಂದ ನಡ್ಕೊಂಡು ಬಂದಿರೋದು. ಓಗ್ಬಾರದು ಅಂದ್ರೆ ಓಗ್ಬಾರದು. ನಿಮ್ಮವ್ವ ಓಗಿದ್ಲಾ ಕೇಳು."

ಒಳಗಿನಿಂದ ಅವ್ವ ಬಂದಳು. ಮರಿತಾಯಮ್ಮ ಎಂದರೆ ಊರಲ್ಲೇ ಮಾತು ಕಡಿಮೆ ಎಂದು ಹೆಸರಾದವಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೋಡೆಗೆ ಒರಗಿ ನಿಂತಳು.

"ಓಗಿದ್ದೆ," ಎಂದಳು.

ಅಪ್ಪ ಕತ್ತು ತಿರುಗಿಸಿದರು.

"ನಿಮಗೆ ಕಾಮಾಲೆ ಆಗಿ ತಿಂಗಳುಗಟ್ಲೆ ಮಲಗಿದ್ರಲ್ಲ, ಆ ವರ್ಸ. ಮಕ್ಳು ಚಿಕ್ಕವು. ಉಳಕ್ಕೆ ಸೊಪ್ಪಾಕೋರು ಯಾರು? ಉಳವ ಸಾಯಿಸ್ಲಾ, ಶಾಸ್ತ್ರವ ಸಾಯಿಸ್ಲಾ ಅಂತ ನೋಡ್ದೆ. ಮೂರು ದಿನಾನೂ ನಾನೇ ಓದೆ. ಯಾರ್ಗೂ ಏಳ್ಲಿಲ್ಲ. ಟಿ. ನರಸೀಪುರದಲ್ಲಿ ಒಳ್ಳೆ ಗೂಡು ಅಂತ ನಿಮಗೆ ಶಾಲು ಒದಿಸಿದ್ರಲ್ಲ, ಅದೇ ಬೆಳೆ ಕಣ್ರೀ ಅದು. ಆ ಶಾಲು ಇವತ್ಗೂ ಪೆಟ್ಟಿಗೇಲಿ ಅದೆ."

ನನಗೆ ಅವ್ವನ ಮೇಲೂ ಸಿಟ್ಟು ಬಂತು. ಹದಿನೇಳು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದಳಲ್ಲ! ಓಡಿಹೋಗಿ ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಅಪ್ಪ ಆ ಕಡೆ ಈ ಕಡೆ ನೋಡಿ, ಬೀಗದ ಕೈ ನನ್ನ ಅಂಗೈಗೆ ಹಾಕಿ, ನನ್ನ ಬೆರಳುಗಳನ್ನು ತಾವೇ ಮಡಚಿದರು. "ತಿಂಗಳೆಲ್ಲಾನೂ ನಿನ್ ತಾವೇ ಮಡೀಕವ್ವ," ಎಂದರು. ಆಮೇಲೆ ಅಮೃತೇಶ್‌ನ ಕಡೆ ತಿರುಗಿ, "ನೀವು ಮಾತ್ರ ಇನ್ನು ನಮ್ಮ ಉಳದ ಮನೆಗೆ ಬರ್ಬ್ಯಾಡಿ ಸಾ," ಎಂದರು.

"ಸರಿ," ಎಂದ ಅವನು. ಅದು ನ್ಯಾಯವೇ ಆಗಿತ್ತು.

ಬಸ್‌ಸ್ಟಾಪಿನವರೆಗೆ ನಾನೂ ಹೋದೆ. ಅವನು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಆಮೇಲೆ ಮೂರು. ಕಲ್ಲಯ್ಯನ ಎಸ್‌ಟಿಡಿ ಬೂತಿನ ಹತ್ತಿರ ಬರುವಷ್ಟರಲ್ಲಿ ಪಕ್ಕಪಕ್ಕದಲ್ಲಿದ್ದೆವು.

"ನಿಮ್ಮಪ್ಪ ಹುಳುಮನೆಗೆ ಬರ್ಬೇಡಿ ಅಂದ್ರು," ಎಂದ. "ಮನೆಗೆ ಬರ್ಬೇಡಿ ಅನ್ಲಿಲ್ಲ."

"ಮನೆಗೆ ಯಾಕೆ?"

"ಕೇಳೋಕೆ."

"ಏನನ್ನ?"

ಅವನು ಕನ್ನಡಕ ತೆಗೆದ. ಒರೆಸಲು ಅಂಗಿಯ ಅಂಚು ಸಿಗದೆ ಹಾಗೇ ಹಿಡಿದುಕೊಂಡ. ಕನ್ನಡಕವಿಲ್ಲದ ಕಣ್ಣಲ್ಲಿ ನನ್ನನ್ನು ಹುಡುಕುವವನ ಹಾಗೆ ಮುಖ ಹತ್ತಿರ ತಂದ. "ನೀವು ಬಾಗಿಲಲ್ಲಿ ಇಲ್ಲದಿದ್ರೆ ನಂಗೆ ಏನೂ ಸರಿಯಾಗಿ ಮಾಡೋಕೆ ಬರಲ್ಲ ಮಂಗಳಾ. ನೀವು ಬೇಕು. ಪ್ರೀತಿ ಅಂತಾರಲ್ಲ, ಅದು. ಜನವರಿಯಿಂದ."

ನನಗೂ ಜನವರಿಯಿಂದಲೇ ಎಂದು ಹೇಳಬಹುದಿತ್ತು. ಆದರೆ ಹಿಂದಿನ ದಿನದ ಸಿಟ್ಟು ಇನ್ನೂ ಬಿಸಿಯಾಗೇ ಇತ್ತು.

"ಬೆಳೆ ಇದ್ದಾಗ ನಾನು ಇಲ್ಲೇ ಇರೋಳು. ಹುಳ ಬಿಡಲ್ಲ," ಎಂದೆ.

"ಬಿಡ್ಬೇಡಿ. ನಂಜನಗೂಡಿಗೆ ಅರ್ಧ ಗಂಟೆಗೊಂದು ಬಸ್ಸಿದೆ."

"ನಿಮ್ಮನೇಲಿ ಮುಟ್ಟಾದೋರನ್ನ ಹೊರಗೆ ಕೂರಿಸ್ತಾರಾ?"

ಅವನು ತಡವರಿಸಿದ. "ಅಂಗಡಿ ಗಲ್ಲಾ ಹತ್ರ ಬಿಡಲ್ಲ. ಉಪ್ಪಿನಕಾಯಿ ಜಾಡಿ ಮುಟ್ಟಂಗಿಲ್ಲ... ಅಮ್ಮನ್ನ ಕೇಳ್ಬೇಕು."

"ಕೇಳೋದಲ್ಲ. ಹೇಳೋದು. ನಾಳೆಯಲ್ಲ, ಈಗ."

ಅವನು ನನ್ನನ್ನು ನೋಡಿದ, ಎಸ್‌ಟಿಡಿ ಬೂತ್ ನೋಡಿದ. ಕನ್ನಡಕ ಹಾಕಿಕೊಂಡು ಒಳಗೆ ಹೋಗಿ ನಂಬರ್ ಒತ್ತಿದ. ಬೂತಿನ ಬಾಗಿಲಿಗೆ ಗಾಜೇ ಇರಲಿಲ್ಲ, ಲೈನು ಕೆಟ್ಟದಾಗಿತ್ತು. ಅವನು ಕೂಗಬೇಕಾಯಿತು.

"ಅಮ್ಮಾ! ನಾನು! ಹುಡುಗಿ! ಹು-ಡು-ಗಿ ಅಂದೆ! ಹೂಂ, ಇಷ್ಟ! ...ಸರ್ವಮಂಗಳಾ! ...ಹೂಂ, ಕೋಪ ಸ್ವಲ್ಪ ಜಾಸ್ತಿ! ...ಇಲ್ಲಮ್ಮ, ಮುಟ್ಟಾದಾಗ ಎಲ್ಲೂ ಹೊರಗೆ ಕೂರಲ್ವಂತೆ! ...ಕೇಳ್ತಿಲ್ಲ, ಹೇಳ್ತಿದೀನಿ! ನಮ್ಮನೇಲೂ ಇನ್ನು ಯಾರನ್ನೂ ಕೂರಿಸೋದು ಬೇಡ! ನಿನ್ನನ್ನೂ!"

ಬಸ್ಸಿಗೆ ಕಾದಿದ್ದವರೆಲ್ಲ ಇತ್ತ ತಿರುಗಿದರು. ಸೌತೆಕಾಯಿ ಮಾರುತ್ತಿದ್ದ ಮಾದಮ್ಮ ಚಾಕು ಕೆಳಗಿಟ್ಟು ಕೇಳುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ನಿನ್ನೆ ನಾಲ್ಕು ಜನರ ಮುಂದೆ ಒಂದು 'ಇಲ್ಲ' ಹೇಳಲಾಗದವನು ಇವತ್ತು ಇಡೀ ಬಸ್‌ಸ್ಟಾಪಿಗೆ ಕೇಳುವ ಹಾಗೆ ಕೂಗುತ್ತಿದ್ದ. ನಾನು ತಲೆ ತಗ್ಗಿಸಲಿಲ್ಲ.

ಅವನು ರಿಸೀವರ್ ನನ್ನ ಕಡೆ ಚಾಚಿದ. ಕಿವಿ ಕೆಂಪಗಾಗಿತ್ತು. "ನಿಮ್ಮ ಹತ್ರ ಮಾತಾಡ್ಬೇಕಂತೆ."

ತೆಗೆದುಕೊಂಡೆ. ಗೊರಗೊರ ಸದ್ದಿನ ಆ ಕಡೆಯಿಂದ ಒಂದು ನಿಧಾನದ ದನಿ ಬಂತು.

"ಏನಮ್ಮಾ, ಕೋಪ ಜಾಸ್ತಿಯಂತೆ ನಿನಗೆ?"

"ಹೌದಮ್ಮ," ಎಂದೆ. "ಜಾಸ್ತಿನೇ."

ಲೈನು ಕಡಿದುಹೋಯಿತೇನೋ ಅಂದುಕೊಂಡೆ.

"ಸದ್ಯ," ಎಂದರು ಅವರು. "ಬೇಗ ಬಾರಮ್ಮ. ಈ ಮನೇಲಿ ಮೂವತ್ತು ವರ್ಷದಿಂದ ಯಾರೂ ಜಗಳ ಆಡಿಲ್ಲ. ಆಡಬೇಕಾಗಿರೋದು ಬೇಕಾದಷ್ಟಿದೆ."